ಪರದೆಯ ಪಕ್ಕದಿಂದ ರಂಗದ ನಡುವಿಗೆ

ಪ್ರಶ್ನೆ: ನನಗೆ 48 ವರ್ಷ. ಶಿವಮೊಗ್ಗದ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬಟ್ಟೆಬರೆ, ಸಾಮಾನು, ನಟರು ಮಾತು ಮರೆತಾಗ ಮರೆಯಿಂದ ಎತ್ತಿಕೊಡುವ ಪ್ರಾಂಪ್ಟಿಂಗ್ ಎಲ್ಲಾ ನನ್ನದೇ. ಒಮ್ಮೆಯೂ ಬಣ್ಣ ಹಚ್ಚಿಲ್ಲ. ಬರುವ ಭಾನುವಾರ ಹೊಸ ನಾಟಕಕ್ಕೆ ಆಡಿಷನ್. ಅದರಲ್ಲಿ ಒಬ್ಬ ಸೂಲಗಿತ್ತಿಯ ಪಾತ್ರವಿದೆ. ಓದಿದ ದಿನದಿಂದ ಅವಳು ನನ್ನನ್ನು ಬಿಡುತ್ತಿಲ್ಲ. ನಿರ್ದೇಶಕರ ಹತ್ತಿರ ಮೆಲ್ಲಗೆ ಹೇಳಿ ನೋಡಿದೆ. “ನೀವು ಸ್ಟೇಜಿಗೆ ಬಂದ್ರೆ ಒಳಗಡೆ ನೋಡೋರ್ಯಾರಮ್ಮಾ?” ಅಂತ ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಈ ವಯಸ್ಸಲ್ಲಿ, ಈ ದಪ್ಪ ಮೈಯಲ್ಲಿ ಇದೆಲ್ಲ ಬೇಕಾ? ಪಾತ್ರ ಸಿಗದಿದ್ದರೆ ತಂಡದವರಿಗೆ ಹೇಗೆ ಮುಖ ತೋರಿಸಲಿ?

ಉತ್ತರ: ಆಡಿಷನ್‌ಗೆ ಹೋಗಿ. ಉಳಿದದ್ದನ್ನು ಆಮೇಲೆ ಮಾತಾಡೋಣ, ಮೊದಲು ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ.

ನಿಮ್ಮ ನಿರ್ದೇಶಕರು ಕೇಳಿದ್ದು ನಿಜವಾದ ಪ್ರಶ್ನೆಯೇ. ಲಾಟೀನು ಯಾವ ಟ್ರಂಕಿನ ತಳದಲ್ಲಿದೆ, ಯಾರ ಪಂಚೆ ಕುಣಿಯುವಾಗ ಜಾರುತ್ತದೆ, ಯಾರು ಯಾವ ಮಾತಿಗೆ ಬಂದು ತಡವರಿಸುತ್ತಾರೆ, ಇದೆಲ್ಲ ಬಹುಶಃ ನಿಮಗೊಬ್ಬರಿಗೇ ಗೊತ್ತು. ಆದರೆ ಅದಕ್ಕೆ ಉತ್ತರ ಹುಡುಕುವ ಕೆಲಸ ಇಡೀ ತಂಡದ್ದು. ಅವರು ಒಬ್ಬರೇ ಇರುವಾಗ ಹೋಗಿ, ಈ ಸಲ ನಗುವುದಕ್ಕೆ ಜಾಗವಿಲ್ಲದ ಹಾಗೆ ಹೇಳಿ: “ಸಾರ್, ಸೂಲಗಿತ್ತಿ ಪಾತ್ರಕ್ಕೆ ನಾನೂ ಓದ್ತೀನಿ. ಒಳಗಿನ ಕೆಲಸ ಇಬ್ಬರಿಗೆ ಕಲಿಸಿಕೊಡ್ತೀನಿ.” ಇಷ್ಟೇ ಸಾಕು.

ಒಂದು ಮಾತು ನಿಮಗೆ ಕಹಿ ಅನಿಸಬಹುದು. ಒಂಬತ್ತು ವರ್ಷದ ದುಡಿಮೆಯ ಲೆಕ್ಕ ಮಾತ್ರ ತೆಗೆಯಬೇಡಿ. ಪಾತ್ರ ಯಾರಿಗೆ ಒಪ್ಪುತ್ತದೋ ಅವರಿಗೇ ಹೋಗಬೇಕು, ನಾಟಕ ಚೆನ್ನಾಗಿ ಬರಲಿ ಅಂತ ನಿಮಗೂ ಆಸೆಯಿದೆ ಅಲ್ವಾ? ನೀವು ಕೇಳಬೇಕಾದದ್ದು ಬೇರೆಯವರಿಗೆ ಸಿಗುವಷ್ಟೇ ಸಮಯ, ಅಷ್ಟೇ ಗಮನ. ಅದನ್ನು ಅಂಜದೆ ಕೇಳಿ.

ಮೈಕಟ್ಟಿನ ಚಿಂತೆ ಬಿಡಿ. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದ್ದೇ ನಾಟಕ ಕಂಪನಿ ಕಟ್ಟಿದರು. ಕಂಸ, ರಾವಣನಂಥ ಗಂಡು ಪಾತ್ರಗಳನ್ನು ತಾವೇ ಮಾಡಿ ಹೆಸರಾದರು. ರಾವಣನನ್ನೇ ಒಬ್ಬ ಹೆಣ್ಣುಮಗಳು ಹೊತ್ತ ರಂಗಭೂಮಿ ನಮ್ಮದು. ಅಲ್ಲಿ 48ರ, ತುಂಬಿದ ಮೈಯ ಸೂಲಗಿತ್ತಿಗೆ ಜಾಗವಿಲ್ಲ ಅಂದರೆ ನಾನು ನಂಬುವುದಿಲ್ಲ. ನಿಮ್ಮದೇ ಜಿಲ್ಲೆಯ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ಕೂಡ 1949ರಲ್ಲಿ ಶುರುವಾದದ್ದು ಊರಿನವರು ಸೇರಿಕೊಂಡೇ. ಹವ್ಯಾಸಿ ನಾಟಕ ಉಳಿದಿರುವುದೇ ನಿಮ್ಮಂಥವರಿಂದ.

ನನಗೆ ನಿಜಕ್ಕೂ ಯೋಚನೆ ಇರುವುದು ನಿಮ್ಮ ದನಿಯ ಬಗ್ಗೆ. ಒಂಬತ್ತು ವರ್ಷ ನೀವು ಪರದೆಯ ಪಕ್ಕ ನಿಂತು ಪಿಸುಗುಟ್ಟಿದ್ದೀರಿ. ನಟರಿಗೆ ಕೇಳಬೇಕು, ಜನಕ್ಕೆ ಕೇಳಬಾರದು. ಜೊತೆಗೆ, ಪ್ರಾಂಪ್ಟರ್ ಮಾತನ್ನಷ್ಟೇ ಎತ್ತಿಕೊಡುತ್ತಾರೆ, ಅದರೊಳಗಿನ ಸಿಟ್ಟು, ದುಃಖ ಎಲ್ಲ ನಟರಿಗೆ ಬಿಟ್ಟದ್ದು. ಕಣ್ಣು ಪುಸ್ತಕದ ಮೇಲೇ ಇರಬೇಕು. ಭಾನುವಾರ ಕೈಗೆ ಹಾಳೆ ಬಂದ ಕೂಡಲೇ ಈ ಮೂರು ಅಭ್ಯಾಸವೂ ತಾನಾಗಿ ಬಂದುಬಿಡುತ್ತವೆ.

ಅದಕ್ಕೇ ಇವತ್ತಿನಿಂದ ಹೀಗೆ ಮಾಡಿ. ಮನೆಯವರನ್ನು ಯಾರನ್ನಾದರೂ ತಾರಸಿಯ ಆ ತುದಿಯಲ್ಲಿ ಕೂರಿಸಿ, ಈ ತುದಿಯಿಂದ ಓದಿ. ಗಂಟಲು ಹರಿದುಕೊಳ್ಳಬೇಡಿ, ಉಸಿರು ಹೊಟ್ಟೆಯಿಂದ ಬರಲಿ. ಒಂದು ಸಾಲನ್ನು ಕಣ್ಣಲ್ಲಿ ತುಂಬಿಕೊಂಡು, ತಲೆ ಎತ್ತಿ, ಅವರ ಮುಖ ನೋಡಿ ಹೇಳಿ. ಆಮೇಲೆ ಮುಂದಿನ ಸಾಲು. ನಿಧಾನವಾದರೆ ಆಗಲಿ. ಸೂಲಗಿತ್ತಿಗೆ ಯಾವ ಆತುರ? ರಾತ್ರಿ ಎಷ್ಟೇ ಹೊತ್ತಿಗೆ ಕರೆದರೂ ಎದ್ದು ಬಂದು, ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, “ಬಿಸಿನೀರು ಕಾಯಿಸಿದ್ದೀರಾ?” ಅನ್ನುವವಳು ಅವಳು. ಗ್ರೀನ್ ರೂಮಿನಲ್ಲಿ ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು, ನಡುಗುವ ಹುಡುಗಿಯ ಸೀರೆ ನೆರಿಗೆ ಹಿಡಿಯುತ್ತಾ “ಏನಾಗಲ್ಲ, ಉಸಿರು ಬಿಡು” ಅಂತ ನೀವೂ ಎಷ್ಟು ಸಲ ಹೇಳಿರಬೇಕು. ಆ ಕೈ, ಆ ಧೈರ್ಯ ನಿಮ್ಮಲ್ಲಿ ಈಗಾಗಲೇ ಇದೆ. ಅದನ್ನೇ ತೆಗೆದುಕೊಂಡು ಹೋಗಿ.

ಪಾತ್ರ ಸಿಗದಿದ್ದರೆ? ಬೇಜಾರಾಗುತ್ತದೆ, ಒಂದೆರಡು ದಿನ ತಾಲೀಮಿಗೆ ಹೋಗದೆ ಮನೆಯಲ್ಲಿರಿ, ತಪ್ಪಿಲ್ಲ. ಆದರೆ ಕೇಳಿದ ಪಾತ್ರ ಸಿಗದೆ, ಮರುದಿನ ಬಂದು ಸಣ್ಣ ಪಾತ್ರ ಮಾಡಿ ಹೋದವರನ್ನು ನೀವೇ ಎಷ್ಟು ಜನರನ್ನು ನೋಡಿಲ್ಲ? ಅವರನ್ನು ಯಾವತ್ತಾದರೂ ಕೀಳಾಗಿ ಕಂಡಿರಾ? ನಿಮ್ಮನ್ನೂ ಯಾರೂ ಹಾಗೆ ಕಾಣುವುದಿಲ್ಲ. ಯಾರಾದರೂ ಕಂಡರೆ, ಅಂಥವರ ಸೀರೆಗೆ ಪಿನ್ನು ಹಾಕುತ್ತಾ ಇನ್ನೊಂದು ವರ್ಷ ಕಳೆಯಬೇಕಾ ಅಂತ ಆಗ ಯೋಚಿಸಿ.

ಭಾನುವಾರ ಸ್ವಲ್ಪ ಬೇಗ ಹೋಗಿ. ಟ್ರಂಕಿನ ಬೀಗದ ಕೈ ಬೇರೆಯವರ ಕೈಗೆ ಕೊಡಿ. ಪ್ರತಿಸಲ ಹೆಸರಿನ ಪಟ್ಟಿ ಬರೆಯುವುದೂ ನೀವೇ ಇರಬೇಕು. ಈ ಸಲ ಸೂಲಗಿತ್ತಿ ಅಂತ ಇರುವ ಕಡೆ ಮೊದಲ ಹೆಸರು ನಿಮ್ಮದೇ ಬರೆಯಿರಿ.