ಲೂಥರ್ ಪುಸ್ತಕ ತೆಗೆದನಾ, ಕಥೋಲಿಕರು ಸೇರಿಸಿದರಾ?

ಎರಡೂ ಅಲ್ಲ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66, ಉಳಿದ 7 ಏನಾದವು ಅಂತ ಕೇಳಿದ್ದೀರಿ. ನಾನು ಕಥೋಲಿಕ, ಹೆಂಡತಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಪಂಗಡ) ಮನೆತನದವಳು. ಹಾಗಾಗಿ ಈ ಜಗಳ ನಮ್ಮ ಮನೆಯಲ್ಲಿ ಹಳೆಯದು.

ಪ್ರೊಟೆಸ್ಟೆಂಟ್ ಚಳವಳಿಗೆ ಕಾರಣನಾದ ಜರ್ಮನಿಯ ಮಾರ್ಟಿನ್ ಲೂಥರ್ ಆ ಏಳನ್ನು ಬಿಸಾಕಲಿಲ್ಲ. 1534ರ ಅವನ ಜರ್ಮನ್ ಬೈಬಲಿನಲ್ಲಿ ಅವು ಇವೆ, ಆದರೆ ಹಳೆ ಒಡಂಬಡಿಕೆ ಮುಗಿದ ಮೇಲೆ ಬೇರೆಯಾಗಿ, ‘ಪವಿತ್ರ ಗ್ರಂಥಕ್ಕೆ ಸಮ ಅಲ್ಲ, ಓದೋದಕ್ಕೆ ಒಳ್ಳೆಯವು’ ಅನ್ನೋ ಅರ್ಥದ ಸೂಚನೆಯ ಜೊತೆ. 1546ರಲ್ಲಿ ಟ್ರೆಂಟ್ ಮಹಾಸಭೆ (ಕಥೋಲಿಕ ಬಿಷಪ್‌ಗಳ ಸಭೆ) ಅವನ್ನು ಹೊಸದಾಗಿ ತಂದು ತುರುಕಲೂ ಇಲ್ಲ. 397ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆಯ ಪಟ್ಟಿಯಲ್ಲೇ ಅವು ಇದ್ದವು. ಆದರೆ ಬೈಬಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮರೇ, ಇವನ್ನು ಓದಿ, ಇವುಗಳಿಂದ ಸಿದ್ಧಾಂತ ಸಾಧಿಸಬೇಡಿ ಅಂದಿದ್ದರು. ಇದನ್ನು ನಮ್ಮವರು ಸುಮ್ನೆ ಮರೆತುಬಿಡ್ತಾರೆ.

ಬೆಂಕಿ ಹತ್ತಿದ್ದು 1519ರಲ್ಲಿ, ಲೈಪ್‌ಜಿಗ್‌ನ ವಾದದಲ್ಲಿ. ವಿಷಯ ಪರ್ಗೆಟರಿ, ಅಂದರೆ ಸತ್ತವರ ಆತ್ಮ ಸ್ವರ್ಗಕ್ಕೆ ಮುಂಚೆ ಶುದ್ಧಿಯಾಗೋದು. ಪೋಪ್ ಕಡೆಯ ಯೋಹಾನ್ ಎಕ್ ಆ ಏಳರಲ್ಲೊಂದಾದ ಎರಡನೇ ಮಕ್ಕಬಿಯರ ಪುಸ್ತಕದ 12ನೇ ಅಧ್ಯಾಯ ಎತ್ತಿದ. ಅಲ್ಲಿ ಯೆಹೂದ್ಯರ ಸೇನಾನಾಯಕ ಯೂದನ ಸೈನಿಕರು ಯುದ್ಧದಲ್ಲಿ ಸತ್ತಿರ್ತಾರೆ, ಹೂಳೋಕೆ ಹೋದರೆ ಒಬ್ಬೊಬ್ಬನ ಅಂಗಿಯೊಳಗೂ ವಿಗ್ರಹದ ತಾಯಿತ! ಯೂದ ಹಣ ಕೂಡಿಸಿ, ಅವರ ಪಾಪಕ್ಕಾಗಿ ಬಲಿ ಕೊಡಿಸಲು ಯೆರೂಸಲೇಮಿಗೆ ಕಳಿಸ್ತಾನೆ. ಸತ್ತವರಿಗಾಗಿ ಪ್ರಾರ್ಥನೆ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ನೇರವಾದ ಮಾತು ಬೇಕಾ? ಲೂಥರ್ ಒಪ್ಪಲಿಲ್ಲ, ಆ ಪುಸ್ತಕ ಪ್ರಮಾಣಗ್ರಂಥಗಳ ಪಟ್ಟಿಯಲ್ಲೇ ಇಲ್ಲ ಅಂದ. ಸಭೆ, ಅಂದರೆ ಚರ್ಚು, ಸ್ವೀಕರಿಸಿದೆಯಲ್ಲ ಅಂತ ಎಕ್ ಅಂದಿದ್ದಕ್ಕೆ, ಪುಸ್ತಕಕ್ಕೆ ತಾನಾಗಿ ಇಲ್ಲದ ಅಧಿಕಾರವನ್ನು ಸಭೆ ಕೊಡೋಕಾಗಲ್ಲ ಅನ್ನೋದು ಅವನ ನಿಲುವು.

ಜಗಳದ ಬೇರು ಇದೇ ಅಂತ ನನಗನ್ನಿಸುತ್ತೆ. ಪುಸ್ತಕ ಎಷ್ಟು ಅನ್ನೋದಲ್ಲ, ಎಷ್ಟು ಅಂತ ಹೇಳೋರು ಯಾರು ಅನ್ನೋದು. ಬೈಬಲಿನೊಳಗೆ ಬೈಬಲಿನ ಪಟ್ಟಿ ಇಲ್ಲ, ಹಾಗಿದ್ದರೆ ಹೊಸ ಒಡಂಬಡಿಕೆಯ 27ನ್ನು ಆರಿಸಿದ್ದು ಯಾರು ಅಂತ ಹೆಂಡತಿಯನ್ನು ಕೇಳ್ತೀನಿ. ಸಭೆ ಗುರುತಿಸಿತು, ಅಷ್ಟೇ, ಹುಟ್ಟಿಸಲಿಲ್ಲ ಅಂತಾಳೆ. ‘ಯೇಸು ಪೇತ್ರನಿಗೆ ಸ್ವರ್ಗದ ಬೀಗದಕೈ ಕೊಟ್ಟಿದ್ದು, ಅಂದರೆ ನಿಮ್ಮ ಪೋಪ್ ಅಧಿಕಾರದ ಆಧಾರ, ನಿಮಗೆ ಗೊತ್ತಾಗಿದ್ದು ಮತ್ತಾಯನ ಪುಸ್ತಕದಿಂದ ತಾನೇ?’ ಅಂತ ತಿರುಗಿಸಿಯೂ ಕೇಳ್ತಾಳೆ. ಅದಕ್ಕೆ ನನ್ನ ಉತ್ತರ ಜಾಸ್ತಿ ಉದ್ದ ಆಗುತ್ತೆ.

ಅಂದ ಹಾಗೆ, ಪ್ರೊಟೆಸ್ಟೆಂಟ್ ಬೈಬಲ್ ಇವತ್ತು ತೆಳ್ಳಗಿರೋದಕ್ಕೆ ಲೂಥರನೊಬ್ಬನನ್ನೇ ಬೈಯಬೇಡಿ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ಅವು ಇದ್ದವು. 1820ರ ದಶಕದಲ್ಲಿ ಬೈಬಲ್ ಅಚ್ಚು ಹಾಕಿಸಿ ಹಂಚುವ ಬ್ರಿಟಿಷ್ ಬೈಬಲ್ ಸೊಸೈಟಿಯೊಳಗೆ ದೊಡ್ಡ ಗಲಾಟೆಯಾಗಿ, ಇವುಗಳ ಅಚ್ಚಿಗೆ ದುಡ್ಡು ಕೊಡಲ್ಲ ಅಂತ ತೀರ್ಮಾನವಾಯಿತು.