ಗ್ಲೋಬಿನೊಳಗಿನ ಬಲ್ಬು, ಸುಸ್ತಾದ ಅಡಾಪ್ಟರ್

ಪ್ರಶ್ನೆ: 9 ವಾಟ್ ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ 25,000 ಗಂಟೆ ಬಾಳಿಕೆ ಎಂದಿತ್ತು. ವರಾಂಡದ ಮುಚ್ಚಿದ ಗಾಜಿನ ಗ್ಲೋಬಿಗೆ ಹಾಕಿದ್ದು ವರ್ಷದೊಳಗೇ ಮಿಣುಕತೊಡಗಿತು. ಅಂಥದ್ದೇ ಇನ್ನೊಂದು ಅಡುಗೆಮನೆಯ ತೆರೆದ ಹೋಲ್ಡರಿನಲ್ಲಿ ಚೆನ್ನಾಗಿದೆ. ಏಕೆ?
— ಓದುಗರು, ರಾಯಚೂರು

ಉತ್ತರ: ಬಹುಮಟ್ಟಿಗೆ ತಪ್ಪು ಗ್ಲೋಬಿನದೇ. ಬಲ್ಬಿನ ಶಾಖ ಅದರ ಮೈಯಿಂದ ಗಾಳಿಗೆ ಹೋಗಬೇಕು; ಗಾಳಿಯಾಡದಿದ್ದರೆ ಒಳಗೇ ಕೂರುತ್ತದೆ. ಆಗ ಮೊದಲು ಸೊರಗುವುದು ಡ್ರೈವರಿನ (ಬಲ್ಬಿನ ಬುಡದಲ್ಲಿದ್ದು ಮನೆಯ ವಿದ್ಯುತ್ತನ್ನು ಎಲ್‌ಇಡಿಗೆ ಒಗ್ಗಿಸುವ ಸರ್ಕಿಟ್) ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಎಂದರೆ ವಿದ್ಯುತ್ತಿನ ಏರಿಳಿತ ತಗ್ಗಿಸುವ ಪುಟ್ಟ ಡಬ್ಬಿ. ಅದರೊಳಗಿನ ದ್ರವ ರಬ್ಬರ್ ಬಿರಡೆಯ ಮೂಲಕ ಸದಾ ಸ್ವಲ್ಪಸ್ವಲ್ಪ ಆವಿಯಾಗುತ್ತಿರುತ್ತದೆ. ದ್ರವ ಕಡಿಮೆಯಾದರೆ ಒಳರೋಧ ಏರುತ್ತದೆ, ರೋಧ ಏರಿದರೆ ಅದು ತಾನೇ ಬಿಸಿಯಾಗಿ ಮತ್ತಷ್ಟು ಬೇಗ ಒಣಗುತ್ತದೆ.

ಅಂದಾಜು ಲೆಕ್ಕ ಸುಲಭ: ಪ್ರತಿ 10 ಡಿಗ್ರಿ ಇಳಿದರೆ ಬಾಳಿಕೆ ಇಮ್ಮಡಿ. '105 ಡಿಗ್ರಿ, 2,000 ಗಂಟೆ'ಯ (105 ಡಿಗ್ರಿ ಬಿಸಿಯಲ್ಲಿ 2,000 ಗಂಟೆ ಬಾಳುವ) ಕೆಪಾಸಿಟರ್ 85 ಡಿಗ್ರಿಯಲ್ಲಿ 8,000, 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ಅಗ್ಗದ ಬಲ್ಬಿನಲ್ಲಿ 85 ಡಿಗ್ರಿಯದನ್ನೇ ಹಾಕಿದ್ದರೆ ನಿಮ್ಮೂರಿನ ಬೇಸಿಗೆಗೆ ಅದು ಏನೇನೂ ಸಾಲದು.

ಗ್ಲೋಬಿಗೆ 5 ವಾಟಿನದು ಹಾಕಿ, ಅಥವಾ ಗಾಜು ತೆಗೆದುಬಿಡಿ. ಬಲ್ಬು ತಲೆಕೆಳಗಾಗಿ ತೂಗುತ್ತಿದ್ದರೆ ಮೇಲೇರುವ ಶಾಖವೆಲ್ಲ ಡ್ರೈವರಿಗೇ ತಾಗುತ್ತದೆ ಎಂಬುದೂ ನೆನಪಿರಲಿ. ಬಲ್ಬು ಪೂರ್ತಿ ಆರಿಹೋಗಿ, ಬೆಳಕು ಕೊಡುವ ಯಾವುದಾದರೊಂದು ಎಲ್‌ಇಡಿ ಚಿಪ್ಪಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಕತೆ ಬೇರೆ: ಸರಣಿಯಲ್ಲಿ ಜೋಡಿಸಿದ ಚಿಪ್ಪುಗಳಲ್ಲಿ ಒಂದು ಸುಟ್ಟರೂ ಇಡೀ ಸಾಲು ಆರುತ್ತದೆ.

ಪ್ರಶ್ನೆ: ವೈಫೈ ರೂಟರ್ ದಿನಕ್ಕೆ ಹತ್ತು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ರಾತ್ರಿ ಆಫ್ ಮಾಡಿದರೆ ಆಯಸ್ಸು ಹೆಚ್ಚುವುದೇ?
— ಓದುಗರು, ಶಿರಸಿ

ಉತ್ತರ: ಮೊದಲು ಅಡಾಪ್ಟರ್ ನೋಡಿ. 12 ವೋಲ್ಟ್, 1 ಆಂಪಿಯರ್‌ನದಾದರೆ ಅಷ್ಟೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರ್‌ನ ಬೇರೊಂದನ್ನು ಹಾಕಿ. ಪಿನ್ನಿನ ಧ್ರುವ ಹೊಂದಬೇಕು. ತೊಂದರೆ ನಿಂತರೆ ದೋಷ ಹಳೆಯದರದೇ. ಬರಿದೇ ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸಬಹುದು, ಲೋಡ್ ಬಿದ್ದಾಗ, ಎಂದರೆ ರೂಟರ್ ಕರೆಂಟ್ ಎಳೆದಾಗಲೇ ಕುಸಿಯುವುದು. ಇದರೊಳಗೂ ಸೊರಗುವುದು ಬಹುಮಟ್ಟಿಗೆ ಬಲ್ಬಿನಲ್ಲಿದ್ದಂಥದೇ ಕೆಪಾಸಿಟರ್.

ಅಡಾಪ್ಟರಿನ ಔಟ್‌ಪುಟ್ ಕೆಪಾಸಿಟರ್ ಬದಲಿಸುವವರು ಮೈಕ್ರೊಫ್ಯಾರಡ್ (ಸಾಮರ್ಥ್ಯ) ಅಷ್ಟೇ ಇಡಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಕಡಿಮೆ ಇಎಸ್‌ಆರ್‌ನದೇ (ಮೇಲೆ ಹೇಳಿದ ಒಳರೋಧ) ಇರಲಿ. ಪಟ್ಟಿ ಇರುವ ಬದಿ ಋಣ. ಇನ್‌ಪುಟ್ ಕಡೆಯ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. 10 ಕಿಲೋಓಮ್, 5 ವಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ಕೆಲವು ಸೆಕೆಂಡು ತಾಗಿಸಿ, ಮೀಟರಿನಲ್ಲಿ ನೋಡಿ, ಆಮೇಲಷ್ಟೇ ಕೈಯಿಡಿ.

ರಾತ್ರಿ ಒಮ್ಮೆ ಆಫ್ ಮಾಡುವುದರಿಂದ ಲಾಭವೇ. ಗಂಟೆಗೊಮ್ಮೆ ಆಫ್-ಆನ್ ಮಾಡುವುದು ಬೇಡ. ಕಾದು ತಣಿದು ಬೆಸುಗೆ ಬಿರಿಯುತ್ತದೆ. ರೂಟರನ್ನು ಟಿವಿಯ ಹಿಂದೆ, ಸೆಟ್‌ಟಾಪ್ ಬಾಕ್ಸಿನ ಮೇಲೆ ಇಟ್ಟಿದ್ದರೆ ಇವತ್ತೇ ಗೋಡೆಗೆ ಏರಿಸಿ.