ಒಬ್ಬಳಿಗಾಗಿ ಊರಿಗೆಲ್ಲ ಔತಣ

ಪ್ರಶ್ನೆ: ನನಗೆ 29 ವರ್ಷ. ಕಾಲೇಜು ದಿನಗಳಿಂದ ಪ್ರೀತಿಸಿದ ಹುಡುಗಿ ನನ್ನಿಂದ ದೂರವಾಗಿ ನಾಲ್ಕು ವರ್ಷವಾಯಿತು. ಈಗ ಅವಳಿಗೆ ಮದುವೆಯಾಗಿದೆ. ನಾವಿಬ್ಬರೂ ಜೊತೆಯಲ್ಲಿ ಓದಿದ ಕಾದಂಬರಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. ಅದನ್ನೇ ಇಟ್ಟುಕೊಂಡು ಮೀಮ್ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತೇನೆ. ಅದರ ನಾಯಕ ಗ್ಯಾಟ್ಸ್‌ಬಿ ಪ್ರೇಯಸಿಯ ಮನೆಯ ಕಡೆಯ ಹಸಿರು ದೀಪದತ್ತ ಕೈಚಾಚುತ್ತಾನಲ್ಲ, ಹಾಗೆಯೇ ಹಳೆಯ ಪ್ರೇಯಸಿಯ ಹೆಸರಿನ ಪಕ್ಕದ, ಆಕೆ ಆನ್‌ಲೈನ್‌ನಲ್ಲಿದ್ದಾಳೆಂದು ತೋರಿಸುವ ಹಸಿರು ಚುಕ್ಕೆಯತ್ತ ಅವನು ಕೈಚಾಚಿ ನಿಂತಿರುವ ಮೀಮ್‌ಗೆ ಸಾವಿರಾರು ಜನ ನಕ್ಕರು. ಅವಳೂ ನೋಡುತ್ತಾಳೆ, ಒಮ್ಮೆ ನಗುವ ಇಮೋಜಿ ಕಳಿಸಿದ್ದಳು. ಈಗ ಇನ್ನೊಬ್ಬಳೊಡನೆ ನನ್ನ ಮದುವೆಯ ಮಾತಾಗಿದೆ. ಮೊನ್ನೆ ಆಕೆ, ‘ಈ ತಮಾಷೆಗಳೆಲ್ಲ ಯಾರಿಗೆ?’ ಎಂದು ಕೇಳಿದಳು. ‘ಯಾರಿಗೂ ಅಲ್ಲ, ಸುಮ್ಮನೆ’ ಎಂದೆ. ನಾನು ಮಾಡುತ್ತಿರುವುದು ತಪ್ಪೇ? ಆ ಇಮೋಜಿಗೆ ಏನಾದರೂ ಅರ್ಥವಿರಬಹುದೇ?
– ಹೆಸರು ಬೇಡ

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಮೋಜಿಗೆ ಅರ್ಥವಿದೆ: ಅವಳಿಗೆ ನಗು ಬಂತು. ಅದಕ್ಕಿಂತ ಹೆಚ್ಚಿನದನ್ನು ಅದರಲ್ಲಿ ತುಂಬುತ್ತಿರುವವರು ನೀವು.

ಮೀಮ್ ಮಾಡುವುದು ತಪ್ಪೇನಲ್ಲ. ಕೈಬಿಟ್ಟುಹೋದ ಪ್ರೀತಿಯ ಬಗ್ಗೆ ನಗಬಾರದೆಂಬ ಕಟ್ಟಳೆ ಎಲ್ಲಿಯೂ ಇಲ್ಲ. 1925ರಲ್ಲಿ ಪ್ರಕಟವಾದ ಫಿಟ್ಜ್‌ಜೆರಾಲ್ಡ್ ಅವರ ಆ ಕಾದಂಬರಿಯಲ್ಲೇ ನೋಡಿ. ಸುಮಾರು ಐದು ವರ್ಷಗಳ ನಂತರ ತನ್ನ ಹಳೆಯ ಪ್ರೇಯಸಿ ಡೇಸಿಯ ಎದುರು ನಿಂತ ಗ್ಯಾಟ್ಸ್‌ಬಿ, ತಾನು ನಿರಾಳವಾಗಿದ್ದೇನೆಂದು ತೋರಿಸಿಕೊಳ್ಳಲು ತಲೆಯನ್ನು ಹಿಂದಕ್ಕೆ ಒರಗಿಸಿ, ಕೆಟ್ಟುನಿಂತ ಗಡಿಯಾರವೊಂದನ್ನು ಇನ್ನೇನು ಬೀಳಿಸುವುದರಲ್ಲಿರುತ್ತಾನೆ. ಓದುವಾಗ ನಗು ಬರುತ್ತದೆ, ಅಯ್ಯೋ ಪಾಪ ಎಂದೂ ಅನ್ನಿಸುತ್ತದೆ. ನಿಮ್ಮ ಹಸಿರು ಚುಕ್ಕೆಗೆ ನಕ್ಕವರಲ್ಲಿ ಎಷ್ಟೋ ಜನ ತಮ್ಮದೇ ಒಂದು ಚುಕ್ಕೆಯನ್ನು ನೆನೆದು ನಕ್ಕಿರಬೇಕು.

ನನಗೆ ತೊಡಕು ಕಾಣುವುದು ಬೇರೆ ಕಡೆ. ಗ್ಯಾಟ್ಸ್‌ಬಿ ಕೊಲ್ಲಿಯ ಈಚೆ ದಡದಲ್ಲಿ ಅರಮನೆಯಂಥ ಮನೆ ಕೊಂಡದ್ದು, ಆಚೆ ದಡದಲ್ಲಿ ಡೇಸಿ ಗಂಡನೊಡನೆ ಇದ್ದಾಳೆಂಬ ಒಂದೇ ಕಾರಣಕ್ಕೆ. ಅಲ್ಲಿ ಅವನು ಮೇಲಿಂದ ಮೇಲೆ ಔತಣ ಏರ್ಪಡಿಸುತ್ತಾನೆ. ಕರೆಯದವರೂ ಬಂದು ತಿಂದು ಕುಡಿದು, ಈ ಮನೆಯವನು ಯಾರನ್ನೋ ಕೊಂದವನಂತೆ ಎಂದು ಪಿಸುಗುಟ್ಟಿ ಹೋಗುತ್ತಾರೆ. ಯಾವುದಾದರೊಂದು ರಾತ್ರಿ ಅವಳು ತಾನಾಗಿಯೇ ಒಳಗೆ ಬಂದಾಳೆಂಬ ಆಸೆಗೆ ಅಷ್ಟೂ ಖರ್ಚು! ನಿಮ್ಮ ಪುಟವೂ ಅಂಥದೇ ಔತಣ. ಲೈಕ್ ಒತ್ತುವವರು ಸಾವಿರಾರು. ಸ್ಟೋರಿ ಹಾಕಿದ ಮೇಲೆ ನೋಡಿದವರ ಪಟ್ಟಿ ತೆರೆದು ನೀವು ಹುಡುಕುವ ಹೆಸರು ಮಾತ್ರ ಒಂದೇ. ಹೌದೋ ಅಲ್ಲವೋ?

ವಿಷಯಾಂತರವಾದರೂ ಒಂದು ಮಾತು. 2013ರ ಚಲನಚಿತ್ರದಲ್ಲಿ ಗ್ಯಾಟ್ಸ್‌ಬಿ ಪಟಾಕಿಯ ಬೆಳಕಿನಲ್ಲಿ ಗ್ಲಾಸು ಎತ್ತಿ ಮುಗುಳ್ನಗುವ ತುಣುಕನ್ನು ಮೀಮ್ ಮಾಡುವವರು ಯಾರೂ ಬಿಟ್ಟಿಲ್ಲ, ನೀವೂ ಬಿಟ್ಟಿರಲಾರಿರಿ. ಕಾದಂಬರಿಯ ಗ್ಯಾಟ್ಸ್‌ಬಿ ತನ್ನ ಔತಣದಲ್ಲಿ ಕುಡಿಯುವುದಿಲ್ಲ. ಎಲ್ಲರೂ ತೇಲಾಡುತ್ತಿರುವಾಗ ಒಬ್ಬನೇ ಮೆಟ್ಟಿಲ ಮೇಲೆ ನಿಂತು ನೋಡುತ್ತಿರುತ್ತಾನೆ. ಮೀಮ್‌ನಲ್ಲಿ ಸಂಭ್ರಮ ಮಾತ್ರ ಉಳಿದುಕೊಂಡಿತು, ಆ ಕಾಯುವಿಕೆ ಎಲ್ಲೋ ಬಿದ್ದುಹೋಯಿತು.

ಡೇಸಿಯ ಬಗ್ಗೆ ಬಂದ ಪತ್ರಿಕೆಯ ತುಣುಕುಗಳನ್ನೆಲ್ಲ ಅವನು ಕತ್ತರಿಸಿ ಇಟ್ಟುಕೊಂಡಿದ್ದ. ನಿಮ್ಮ ಮೊಬೈಲಿನಲ್ಲಿ ಅವಳ ಫೋಟೊಗಳ ಸ್ಕ್ರೀನ್‌ಶಾಟ್ ಎಷ್ಟಿವೆ ಎಂದು ನಾನು ಕೇಳುವುದಿಲ್ಲ. ನೀವೇ ಒಮ್ಮೆ ನೋಡಿಕೊಳ್ಳಿ.

ಆದರೂ ಒಂದು ವಿಷಯದಲ್ಲಿ ಅವನು ನಿಮಗಿಂತ ಧೈರ್ಯಸ್ಥ. ನೆರೆಮನೆಯ ನಿಕ್‌ನಿಂದ ಅವಳನ್ನು ಚಹಾಕ್ಕೆ ಕರೆಸಿ, ಆ ಮನೆಯ ಹುಲ್ಲು ಕತ್ತರಿಸಲು ಆಳು ಕಳಿಸಿ, ಹೊರೆ ಹೊರೆ ಹೂ ತರಿಸಿ, ಕೊನೆಗೆ ಮಳೆಯಲ್ಲಿ ನೆನೆದು ಬಿಳಿಚಿಕೊಂಡು ಬಾಗಿಲಲ್ಲಿ ನಿಂತ. ನಗೆಪಾಟಲಾಗುವ ಅಪಾಯವನ್ನು ಮೈಮೇಲೆ ಎಳೆದುಕೊಂಡ. ನಿಮ್ಮ ಮೀಮ್‌ಗೆ ಆ ಅಪಾಯವಿಲ್ಲ. ಅವಳು ಉತ್ತರಿಸಿದರೆ ಸಂದೇಶ, ಉತ್ತರಿಸದಿದ್ದರೆ ತಮಾಷೆ. ಎರಡೂ ಕಡೆಯಿಂದ ಪಾರಾಗುವ ಈ ಜಾಣತನವನ್ನೇ ನಿಮ್ಮನ್ನು ಮದುವೆಯಾಗಲಿರುವ ಹುಡುಗಿ ಗುರುತಿಸಿದ್ದಾಳೆ.

ಹಾಗಾದರೆ ಧೈರ್ಯ ಮಾಡಿ ಹಳೆಯ ಗೆಳತಿಗೆ ಸಂದೇಶ ಕಳಿಸಲೇ ಎಂದು ಹೊರಡಬೇಡಿ. ಗ್ಯಾಟ್ಸ್‌ಬಿಗೆ ಮುಂದೆ ಏನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ‘ಗಂಡನನ್ನು ನಾನು ಎಂದೂ ಪ್ರೀತಿಸಿಲ್ಲ’ ಎಂದು ಡೇಸಿಯ ಬಾಯಿಂದ ಹೇಳಿಸಲು ಹಟ ಹಿಡಿದ. ಅವಳು ಅರೆಮನಸ್ಸಿನಿಂದ ಹೇಳಿದರೂ ಆ ಮಾತಿಗೆ ನಿಲ್ಲಲಾಗಲಿಲ್ಲ, ಏಕೆಂದರೆ ಅದು ನಿಜವಾಗಿರಲಿಲ್ಲ. ನನಗೆ ಅದಕ್ಕಿಂತಲೂ ನಾಟುವುದು ಇನ್ನೊಂದು ಚಿಕ್ಕ ಸನ್ನಿವೇಶ. ಡೇಸಿಯ ಪುಟ್ಟ ಮಗಳನ್ನು ಕೋಣೆಗೆ ಕರೆತಂದಾಗ ಗ್ಯಾಟ್ಸ್‌ಬಿ ಮಗುವನ್ನು ಬೆರಗಾಗಿ ನೋಡುತ್ತಲೇ ಇರುತ್ತಾನೆ. ಅಂಥದೊಂದು ಮಗು ಇದೆ ಎಂಬುದನ್ನು ಅವನು ಅಲ್ಲಿಯವರೆಗೆ ನಂಬಿದಂತೆಯೇ ಇಲ್ಲ. ನಿಮ್ಮ ಪತ್ರದಲ್ಲಿಯೂ ‘ಅವಳಿಗೆ ಮದುವೆಯಾಗಿದೆ’ ಎಂಬುದು ಒಂದು ಪುಟ್ಟ ವಾಕ್ಯದಲ್ಲಿ ಮುಗಿದುಹೋಗಿದೆ.

ಈಗ ಮಾಡಬೇಕಾದದ್ದು. ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮ ಸ್ಟೋರಿ ಒಬ್ಬರಿಗೆ ಮಾತ್ರ ಕಾಣದಂತೆ ಮಾಡುವ ಅನುಕೂಲವಿದೆ. ಒಂದು ತಿಂಗಳು ಅವಳಿಗೆ ಕಾಣದಂತೆ ಮಾಡಿ, ಮೀಮ್‌ಗಳನ್ನು ಸ್ಟೋರಿಯಲ್ಲಿ ಮಾತ್ರ ಹಾಕಿ. ಅದನ್ನು ಅವಳಿಗೆ ತಿಳಿಸಲು ಹೋಗಬೇಡಿ, ಸದ್ದು ಮಾಡಿ ಬ್ಲಾಕ್ ಮಾಡಲೂ ಬೇಡಿ, ಅದೂ ಅವಳಿಗೆ ಕಳಿಸಿದ ಕಾಗದವೇ ಆಗುತ್ತದೆ. ಅವಳು ನೋಡುವುದಿಲ್ಲ ಎಂದು ಗೊತ್ತಿದ್ದೂ ಮೀಮ್ ಮಾಡಲು ಕೈ ತುಡಿಯುತ್ತಿದ್ದರೆ ಧಾರಾಳವಾಗಿ ಮುಂದುವರಿಸಿ, ಆ ಕಲೆ ನಿಮ್ಮದೇ. ಎರಡನೆಯ ವಾರಕ್ಕೇ ಉತ್ಸಾಹ ಇಳಿದರೆ ಈ ಔತಣ ಯಾರಿಗಾಗಿತ್ತು ಎಂದು ನಾನು ಹೇಳಬೇಕಾಗಿಲ್ಲ.

ಇತ್ತ ‘ಯಾರಿಗೂ ಅಲ್ಲ’ ಎಂಬ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದು ತಿಂಗಳು ಕಾಯಬೇಡಿ. ಮದುವೆಯಾಗಲಿರುವ ಹುಡುಗಿಯ ಎದುರು ಕುಳಿತು ಹೇಳಿ: ಇಂಥವಳಿದ್ದಳು, ಆ ಕಾದಂಬರಿ ನಮ್ಮಿಬ್ಬರದಾಗಿತ್ತು, ಅವಳು ನೋಡಲಿ ಎಂದೇ ಹಾಕುತ್ತಿದ್ದೆ. ಇಷ್ಟು ಸಾಕು, ಹಳೆಯ ಕಥೆಯನ್ನೆಲ್ಲ ಹರಡಿಕೊಳ್ಳುವುದು ಬೇಡ. ಆಕೆ ಯೋಚಿಸಲು ಸಮಯ ಕೇಳಿದರೆ ಕೊಡಿ. ಬೇಡವೆಂದರೆ ಅದೂ ಆಕೆಯ ಹಕ್ಕು. ಇದನ್ನು ಹೇಳಲು ಬಾಯಿಯೇ ಬರುವುದಿಲ್ಲ ಎಂದಾದರೆ ಮದುವೆಯ ದಿನ ಗೊತ್ತುಮಾಡುವುದನ್ನು ಸದ್ಯಕ್ಕೆ ಮುಂದೂಡಿ.